ಅಕ್ಕನ ಮಾತ್ರೆ ತಂಗಿಗೆ ಆಗದು

ಪ್ರಶ್ನೆ:

ಅಕ್ಕಾರೇ, ನಮ್ಮದು ಕೊಕ್ಕನೂರು. ಹೆಸರು ಹಾಕಬೇಡಿ, ಊರು ಹಾಕಿದರೆ ಅಡ್ಡಿಯಿಲ್ಲ, ಇಲ್ಲಿ ನನ್ನಂಥವರು ಬಾಳ ಜನ ಇದ್ದಾರೆ. ನನಗೀಗ ನಲವತ್ತೆಂಟು. ಹೊರಗಾಗಿ ಹದಿನಾಲ್ಕು ತಿಂಗಳಾಯಿತು. ಮುಟ್ಟು ನಿಂತರೆ ಆರಾಮ ಅಂದುಕೊಂಡಿದ್ದೆ. ಈಗ ನೋಡಿದರೆ ದಿನಕ್ಕೆ ಹತ್ತು ಸಲ ಎದೆಯಿಂದ ಮುಖದವರೆಗೆ ಝಳ ಏರುತ್ತದೆ, ಬೆವರು ಸುರಿಯುತ್ತದೆ, ಆಮೇಲೆ ಚಳಿ. ರಾತ್ರಿ ಎರಡಕ್ಕೆ ಎದ್ದು ಪಡಸಾಲೆಯಲ್ಲಿ ಕೂತಿರುತ್ತೇನೆ. ನಾಟಿ ಹಚ್ಚುವಾಗ ಗದ್ದೆ ಬದುವಿಗೆ ಹೋಗಿ ಸೆರಗು ಬೀಸಿಕೊಂಡರೆ ಜೊತೆಯವರು ನಗುತ್ತಾರೆ. ಸೊಸೆ ಏನೂ ಅನ್ನದಿದ್ದರೂ ಸಿಟ್ಟು ಬರುತ್ತದೆ, ಆಮೇಲೆ ನಾನೇ ಅಳುತ್ತೇನೆ. ಇನ್ನೊಂದು ಮಾತು ಹೇಳಲು ನಾಚಿಕೆ. ಯಜಮಾನರ ಜೊತೆ ಮಲಗಿದರೆ ಉರಿ, ನೋವು.

ದಾವಣಗೆರೆಯ ಲೇಡಿ ಡಾಕ್ಟರು ಹಾರ್ಮೋನ್ ಮಾತ್ರೆ ಶುರು ಮಾಡೋಣ, ಮೊದಲು ಟೆಸ್ಟ್ ಮಾಡಿಸಿ ಬನ್ನಿ ಅಂದರು. ಮಗ ಮೊಬೈಲ್ ನೋಡಿ "ಅದನ್ನ ತಗೊಂಡ್ರೆ ಕ್ಯಾನ್ಸರ್ ಬರ್ತದಂತೆ, ಬೇಡಮ್ಮ" ಅಂದ. ನಮ್ಮಕ್ಕನನ್ನು ರಾಣೆಬೆನ್ನೂರು ಕಡೆ ಕೊಟ್ಟಿದ್ದಾರೆ. ಅವಳಿಗೆ ಮೂವತ್ತೈದಕ್ಕೇ ಗರ್ಭಚೀಲ ತೆಗೆದರು. ಈಗ ಒಂದು ವರ್ಷದಿಂದ ಹಾರ್ಮೋನ್ ಮಾತ್ರೆ ತಗೊಂಡು ಚೆನ್ನಾಗಿದ್ದಾಳೆ. "ನನ್ನ ಚೀಟಿ ತೋರಿಸಿ ಮೆಡಿಕಲ್‌ನಲ್ಲಿ ತಗೋ, ಟೆಸ್ಟಿಗೆ ಯಾಕೆ ದುಡ್ಡು ಸುರೀತಿ" ಅಂತಾಳೆ. ನೆಗೆಣ್ಣಿ ಮಾತು ಬೇರೆ: "ಗರ್ಭಚೀಲಾನೇ ತೆಗೆಸಿಬಿಡು, ಎಲ್ಲಾ ಹೋಗ್ತದೆ." ಯಾರ ಮಾತು ಕೇಳಲಿ?

ಉತ್ತರ:

ತಂಗೀ, ಸದ್ಯಕ್ಕೆ ಡಾಕ್ಟರ ಮಾತು ಕೇಳಿ. ಮಗ, ನೆಗೆಣ್ಣಿ ಇಬ್ಬರ ಮಾತಿಗೂ ಆಮೇಲೆ ಬರುತ್ತೇನೆ. ಮೊದಲು ಅಕ್ಕನ ಚೀಟಿಯನ್ನು ಅಕ್ಕನ ಮನೆಗೇ ವಾಪಸು ಕಳಿಸಿ. ಅಕ್ಕ ಪ್ರೀತಿಯಿಂದಲೇ ಹೇಳಿದ್ದಾರೆ, ಅನುಮಾನವಿಲ್ಲ. ಆದರೆ ಅವರಿಗೆ ಒಳ್ಳೆಯದಾದ ಅದೇ ಮಾತ್ರೆ ನಿಮ್ಮ ಮೈಯಲ್ಲಿ ಕೆಡುಕು ಮಾಡಬಹುದು. ಕಾರಣ ಒಂದೇ: ನಿಮಗೆ ಗರ್ಭಕೋಶ ಇದೆ, ಅವರಿಗೆ ಇಲ್ಲ.

ಅಂಡಾಶಯಗಳು ಕೆಲಸ ನಿಲ್ಲಿಸುತ್ತಾ ಬಂದಾಗ ಮೈಯಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿಯುತ್ತದೆ. ಮೈಯ ಬಿಸಿಯನ್ನು ಹದದಲ್ಲಿಡುವ ಮಿದುಳಿನ ಭಾಗ ಅದರಿಂದ ಗಲಿಬಿಲಿಗೊಂಡು, ಸಣ್ಣ ಸೆಕೆಗೂ ಮೈ ಕಾದಿದೆ ಎಂದು ಬಗೆದು ಬೆವರು ಹರಿಸುತ್ತದೆ. ನಿಮ್ಮ ಝಳ, ಬೆವರು, ಆಮೇಲಿನ ಚಳಿ ಎಲ್ಲ ಬರುವುದು ಹೀಗೆ. ಹೊರಗಿನಿಂದ ಈಸ್ಟ್ರೋಜನ್ ಕೊಟ್ಟರೆ ಇದು ತಗ್ಗುತ್ತದೆ, ಸರಾಸರಿ ನಾಲ್ಕರಲ್ಲಿ ಮೂರು ಪಾಲಿನಷ್ಟು. ಇಷ್ಟು ಕೆಲಸ ಮಾಡುವ ಬೇರೆ ಮದ್ದು ಇನ್ನೂ ಬಂದಿಲ್ಲ. ಆದರೆ ಈಸ್ಟ್ರೋಜನ್ ಒಂದನ್ನೇ ಕೊಟ್ಟರೆ ಗರ್ಭಕೋಶದ ಒಳಪದರವೂ ಬೆಳೆಯುತ್ತಾ ಹೋಗುತ್ತದೆ. ನೀವು ಗದ್ದೆಯವರು, ಹೀಗೆ ಹೇಳಿದರೆ ತಿಳಿದೀತು: ಈಸ್ಟ್ರೋಜನ್ ನೀರು ಗೊಬ್ಬರವಾದರೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಕಳೆ ಕೀಳುವ ಕೈ. ಕೈ ಇಲ್ಲದೆ ಗೊಬ್ಬರ ಹಾಕುತ್ತಾ ಹೋದರೆ ಏನಾಗುತ್ತದೆಂದು ಅಮೆರಿಕದ ಹೆಂಗಸರು ತಮ್ಮ ಮೈಮೇಲೆಯೇ ಕಂಡರು. ಅಲ್ಲಿ 1960ರ ದಶಕದಲ್ಲಿ ಈಸ್ಟ್ರೋಜನ್ ಮಾತ್ರೆಯನ್ನು ಯೌವನ ಉಳಿಸುವ ಮದ್ದೆಂದು ಮಾರಿದರು, ಲಕ್ಷಾಂತರ ಮಂದಿ ನುಂಗಿದರು. ಅಂಥವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹಲವು ಪಟ್ಟು ಹೆಚ್ಚಿದೆಯೆಂದು 1975ರಲ್ಲಿ ಗೊತ್ತಾಯಿತು. ಅಲ್ಲಿಂದೀಚೆಗೆ ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಕೊಟ್ಟೇ ಕೊಡಬೇಕೆಂಬ ನಿಯಮ ಬಂತು. ನಿಮ್ಮ ಅಕ್ಕನಿಗೆ ಆ ಕಾವಲು ಬೇಕಿಲ್ಲ. ಹಾಗಾಗಿ ಅವರ ಚೀಟಿಯಲ್ಲಿ ಬಹುಶಃ ಈಸ್ಟ್ರೋಜನ್ ಒಂದೇ ಇರುತ್ತದೆ.

ಇದಕ್ಕೆ ಸೇರಿದ ಇನ್ನೊಂದು ವಿಷಯ. ನಮ್ಮ ಕಡೆ ಡಾಕ್ಟರು "ಆಪರೇಷನ್ ಆಗಿದೆಯಾ" ಎಂದು ಕೇಳಿದರೆ ಹೆಂಗಸರು "ಹೂಂ" ಅಂದು ಸುಮ್ಮನಾಗುತ್ತಾರೆ. ಅದು ಮಕ್ಕಳಾಗದ ಆಪರೇಷನ್ನೋ, ಗರ್ಭಕೋಶದ್ದೋ, ಜೊತೆಗೆ ಅಂಡಾಶಯವನ್ನೂ ತೆಗೆದಿದ್ದಾರೋ ಬಿಡಿಸಿ ಹೇಳಿ. ಮಕ್ಕಳಾಗದ ಆಪರೇಷನ್‌ನಲ್ಲಿ ಗರ್ಭಕೋಶ ಇದ್ದಲ್ಲೇ ಇರುತ್ತದೆ. ಗೊತ್ತಿಲ್ಲದಿದ್ದರೆ ಡಿಸ್ಚಾರ್ಜ್ ಕಾರ್ಡ್ ತೋರಿಸಿ. ಅದೂ ಕಳೆದಿದ್ದರೆ ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶ ಇದೆಯೋ ಇಲ್ಲವೋ ತಿಳಿಯುತ್ತದೆ.

ಇನ್ನು ನಿಮ್ಮ ಮಗನ ವಿಚಾರ. ಅವನು ಓದಿದ್ದು ಸುಳ್ಳಲ್ಲ, ಅರ್ಧ ಕಥೆ. ಅಮೆರಿಕ ಸರ್ಕಾರದ ಹಣದಲ್ಲಿ 1990ರ ದಶಕದಲ್ಲಿ ಒಂದು ದೊಡ್ಡ ಅಧ್ಯಯನ ಶುರುವಾಯಿತು, ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂದು ಹೆಸರು. ಗರ್ಭಕೋಶ ಇದ್ದ 16,608 ಹೆಂಗಸರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ ಎರಡೂ ಹಾರ್ಮೋನು ಸೇರಿದ ಮಾತ್ರೆ, ಉಳಿದವರಿಗೆ ಏನೂ ಇಲ್ಲದ ಹುಸಿಮಾತ್ರೆ. 2002ರ ಜುಲೈನಲ್ಲಿ ಆ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಸ್ತನ ಕ್ಯಾನ್ಸರ್ ಶೇ 26ರಷ್ಟು ಹೆಚ್ಚು ಎಂದು ಸುದ್ದಿಯಾಯಿತು. ಜಗತ್ತಿನ ಬಹಳಷ್ಟು ಹೆಂಗಸರು ಮಾತ್ರೆ ಬಿಟ್ಟರು, ಎಷ್ಟೋ ಡಾಕ್ಟರುಗಳು ಬರೆಯುವುದನ್ನೇ ಬಿಟ್ಟರು. ನಿಮ್ಮ ಮಗನ ಮೊಬೈಲಿಗೆ ಇಂದಿಗೂ ಬರುವುದು ಆ ಸುದ್ದಿಯ ಬಾಲವೇ.

ಆ ಶೇ 26ನ್ನು ತಲೆ ಎಣಿಸಿ ಹೇಳುತ್ತೇನೆ. ಹುಸಿಮಾತ್ರೆ ನುಂಗಿದ 10,000 ಹೆಂಗಸರಲ್ಲಿ ವರ್ಷಕ್ಕೆ 30 ಮಂದಿಗೆ ಸ್ತನ ಕ್ಯಾನ್ಸರ್ ಬಂತು. ಹಾರ್ಮೋನು ನುಂಗಿದ 10,000 ಮಂದಿಯಲ್ಲಿ 38. ಹೆಚ್ಚಾದದ್ದು ಎಂಟು. ಎಂಟು ಜನ ಅಂದರೆ ಕಡಿಮೆಯೇ ಎಂದು ಕೇಳಿದರೆ ನಾನು ಹೌದೆನ್ನಲಾರೆ, ಆ ಎಂಟರಲ್ಲಿ ಒಬ್ಬರಾದವರಿಗೆ ಅದು ಕಡಿಮೆಯಲ್ಲ. ಆದರೆ ಅಲ್ಲಿದ್ದವರು ಯಾರೆಂದೂ ನೋಡಬೇಕಲ್ಲ. ಅವರ ಸರಾಸರಿ ವಯಸ್ಸು 63. ಮುಟ್ಟು ನಿಂತು ಹತ್ತಾರು ವರ್ಷ ಕಳೆದ ಮೇಲೆ ಹಾರ್ಮೋನು ಶುರು ಮಾಡಿದವರೇ ಬಹಳ. ಕೊಟ್ಟ ಮಾತ್ರೆಯೂ ಹಳೆಯ ಬಗೆಯದು, ಬಸುರಿ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೋಜನ್, ಅದಕ್ಕೊಂದು ಕೃತಕ ಪ್ರೊಜೆಸ್ಟರಾನ್. ನಿಮ್ಮ ವಯಸ್ಸಿನವರ ಲೆಕ್ಕವನ್ನು ಬೇರೆಯಾಗಿ ತೆಗೆದು ನೋಡಿದ ಮೇಲೆ ಚಿತ್ರ ಬದಲಾಯಿತು. ಅರವತ್ತರೊಳಗೆ ಇರುವವರು, ಇಲ್ಲವೇ ಮುಟ್ಟು ನಿಂತು ಹತ್ತು ವರ್ಷ ದಾಟದವರು, ಬೇರೆ ಅಡ್ಡಿಗಳಿಲ್ಲದೆ, ನಿಜವಾದ ತೊಂದರೆಗೆ ಶುರು ಮಾಡಿದರೆ ನಷ್ಟಕ್ಕಿಂತ ಲಾಭವೇ ಹೆಚ್ಚು ಎಂಬುದು ಇಂದು ಜಗತ್ತಿನ ಮುಖ್ಯ ಋತುಬಂಧ ತಜ್ಞ ಸಂಘಗಳ ನಿಲುವು. ಅಮೆರಿಕದ ಔಷಧ ನಿಯಂತ್ರಕರು 2003ರಿಂದ ಈ ಮದ್ದುಗಳ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸುತ್ತಿದ್ದರು. ಅದರ ಬಹುಭಾಗವನ್ನು ತೆಗೆಸುವುದಾಗಿ 2025ರ ನವೆಂಬರ್‌ನಲ್ಲಿ ಹೇಳಿದರು. ಹಾಗೆಂದು ಇದು ಕಡಲೆಪುರಿಯೂ ಅಲ್ಲ. ವರ್ಷಗಳು ಹೆಚ್ಚಿದಂತೆ ಸ್ತನದ ಅಪಾಯವೂ ನಿಧಾನಕ್ಕೆ ಏರುತ್ತದೆ. ಅದಕ್ಕೇ ವರ್ಷಕ್ಕೊಮ್ಮೆ ಡಾಕ್ಟರ ಮುಂದೆ ಕೂತು, ಇನ್ನೂ ಬೇಕೇ, ಪ್ರಮಾಣ ಇಳಿಸಬಹುದೇ ಎಂದು ಕೇಳಬೇಕು.

ಯಾರು ತಗೊಳ್ಳಬಾರದು? ಸ್ತನ ಕ್ಯಾನ್ಸರ್ ಆದವರು, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು, ಹೃದಯಾಘಾತ ಅಥವಾ ಲಕ್ವ ಹೊಡೆದವರು, ಲಿವರ್ ಕಾಯಿಲೆ ಇರುವವರು. ಕಾರಣ ತಿಳಿಯದ ರಕ್ತಸ್ರಾವ ಇರುವವರು ಮೊದಲು ಅದರ ಕಾರಣ ಹುಡುಕಿಸಬೇಕು. ಇದನ್ನು ದಪ್ಪಕ್ಷರದಲ್ಲಿ ಬರೆಯಬೇಕಿತ್ತು: ಹನ್ನೆರಡು ತಿಂಗಳು ನಿಂತು ಆಮೇಲೆ ಒಂದು ಹನಿ ಕಂಡರೂ "ಮತ್ತೆ ಮುಟ್ಟಾದೆ" ಅಂದುಕೊಂಡು ಕೂರಬೇಡಿ, ಆ ವಾರವೇ ತೋರಿಸಿ. ಬಹಳ ಸಲ ಅದು ಸಣ್ಣ ಕಾರಣಕ್ಕೇ ಇರುತ್ತದೆ. ಅಲ್ಲದಿದ್ದಾಗ ಬೇಗ ಸಿಕ್ಕಿದ್ದೇ ಜೀವ ಉಳಿಸುತ್ತದೆ. ಹಾರ್ಮೋನು ಶುರು ಮಾಡಿದ ಮೊದಲ ಕೆಲವು ತಿಂಗಳು ಅಲ್ಲಲ್ಲಿ ಕಲೆ ಕಾಣುವುದುಂಟು. ಅದನ್ನೂ ಡಾಕ್ಟರಿಗೆ ತಿಳಿಸಿ, ಆರು ತಿಂಗಳು ದಾಟಿಯೂ ನಿಲ್ಲದಿದ್ದರೆ ಪರೀಕ್ಷೆ ಬೇಕೇ ಬೇಕು.

ಟೆಸ್ಟಿಗೆ ದುಡ್ಡು ದಂಡ ಎಂಬ ಮಾತಿಗೆ ಉತ್ತರ ಇಲ್ಲೇ ಇದೆ. ಬಿಪಿ, ಶುಗರ್, ಹಿಮೋಗ್ಲೋಬಿನ್ ನೋಡಿಸಲು ನಿಮ್ಮ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರ ಸಾಕು. ಥೈರಾಯ್ಡ್ ಬಿಡಬೇಡಿ, ಅದು ಹೆಚ್ಚಾದರೂ ಬೆವರು, ಎದೆ ಬಡಿತ, ನಿದ್ದೆಗೇಡು ಬರುತ್ತವೆ, ಎಲ್ಲವನ್ನೂ ಮುಟ್ಟು ನಿಂತದ್ದರ ತಲೆಗೆ ಕಟ್ಟಿ ನಿಜವಾದ ಕಾಯಿಲೆಯನ್ನು ತಪ್ಪಿಸಿಕೊಂಡವರನ್ನು ನೋಡಿದ್ದೇನೆ. ಗರ್ಭಕೋಶದ ಒಳಪದರ ಎಷ್ಟು ದಪ್ಪವಿದೆ ಎಂದು ಸ್ಕ್ಯಾನಿಂಗ್, ಗರ್ಭಕೋಶದ ಬಾಯಿಯ ಪ್ಯಾಪ್ ಪರೀಕ್ಷೆ, ಸ್ತನಗಳಿಗೆ ಮ್ಯಾಮೋಗ್ರಾಮ್. ಇವಕ್ಕೆ ದಾವಣಗೆರೆಗೆ ಹೋಗಬೇಕಾದೀತು. ಖಾಸಗಿ ಬಿಲ್ಲಿಗೆ ಹೆದರಿಕೆಯಾದರೆ ಚಿಗಟೇರಿ ಜಿಲ್ಲಾಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ಏನೇನು ಆಗುತ್ತದೆಂದು ಮೊದಲು ವಿಚಾರಿಸಿ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡರೆ ಹೊರರೋಗಿ ಚೀಟಿಯ ಸಾಲು, ಕೋಣೆಯ ನಂಬರು ಎಲ್ಲ ಅವರಿಗೇ ಗೊತ್ತಿರುತ್ತದೆ. ಮುಟ್ಟು ನಿಂತಿದೆಯೇ ಎಂದು ತಿಳಿಯಲು ಮಾತ್ರ ಬೇರೆ ಹಾರ್ಮೋನು ಟೆಸ್ಟು ಬೇಕಿಲ್ಲ. ನಲವತ್ತೈದು ದಾಟಿದವರಿಗೆ ಹನ್ನೆರಡು ತಿಂಗಳ ಲೆಕ್ಕವೇ ಸಾಕು.

ಈಗ ಯಾವ ಬಗೆಯ ಹಾರ್ಮೋನು ಎಂಬ ಮಾತು. ಬಹಳ ಜನಕ್ಕೆ ಇದು ಒಂದೇ ಮಾತ್ರೆ ಎಂದು ಕಲ್ಪನೆ, ಹಾಗಲ್ಲ. ಈಸ್ಟ್ರೋಜನನ್ನು ಮಾತ್ರೆಯಾಗಿ ನುಂಗಬಹುದು, ಜೆಲ್ ಆಗಿ ಚರ್ಮಕ್ಕೆ ಹಚ್ಚಬಹುದು, ಪಟ್ಟಿಯಂತೆ ಅಂಟಿಸಿಕೊಳ್ಳಬಹುದು. ಅಗ್ಗದ್ದು, ಎಲ್ಲೆಡೆ ಸಿಗುವುದು ಮಾತ್ರೆ. ಆದರೆ ನುಂಗಿದ್ದು ಮೊದಲು ಲಿವರಿಗೆ ಹೋಗುತ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಸ್ವಲ್ಪ ಹೆಚ್ಚುತ್ತವೆ. ಚರ್ಮದ ಮೂಲಕ ಹೋದದ್ದು ನೇರ ರಕ್ತಕ್ಕೆ ಸೇರುವುದರಿಂದ ಆ ಅಪಾಯ ಹೆಚ್ಚಿದ್ದು ಕಂಡಿಲ್ಲ. ಹಾಗಾಗಿ ತೂಕ ಹೆಚ್ಚಿರುವವರು, ಬಿಪಿ ಇರುವವರು, ಅರೆತಲೆನೋವಿನವರು, ಶುಗರ್ ಇರುವವರು ಜೆಲ್ ಬಗ್ಗೆ ತಾವಾಗಿಯೇ ಕೇಳಬೇಕು. ಕೇಳದಿದ್ದರೆ ಹೊರರೋಗಿ ವಿಭಾಗದ ಗಡಿಬಿಡಿಯಲ್ಲಿ ಮಾತ್ರೆಯನ್ನೇ ಬರೆದುಕೊಡುವುದುಂಟು. ಜೆಲ್ಲನ್ನು ತೋಳಿಗೋ ತೊಡೆಗೋ ಹಚ್ಚಿ ಒಣಗಲು ಬಿಡಬೇಕು, ಕೈ ತೊಳೆಯಬೇಕು, ಹಚ್ಚಿದ ಜಾಗಕ್ಕೆ ಮೊಮ್ಮಕ್ಕಳು ತಾಗದಂತೆ ನೋಡಿಕೊಳ್ಳಬೇಕು. ಎಳೆಯ ಮೈಗೆ ಆ ಹಾರ್ಮೋನು ಹೋಗಬಾರದು. ನಾಟಿಗೆ ಇಳಿಯುವ ನಿಮಗೆ ಬೆಳಿಗ್ಗೆಗಿಂತ ಸಂಜೆ ಸ್ನಾನವಾದ ಮೇಲೆ ಹಚ್ಚುವುದು ಅನುಕೂಲ.

ಜೊತೆಗೆ ಪ್ರೊಜೆಸ್ಟರಾನ್. ಇದರಲ್ಲಿ ಮೈಯದೇ ಹಾರ್ಮೋನಿನಂಥ ಕ್ಯಾಪ್ಸೂಲ್ ಸಿಗುತ್ತದೆ. ಅದು ತುಸು ಮಂಪರು ತರುವುದರಿಂದ ಮಲಗುವಾಗ ತಗೊಳ್ಳಲು ಹೇಳುತ್ತಾರೆ, ನಿಮ್ಮ ರಾತ್ರಿ ಎರಡು ಗಂಟೆಯ ಜಾಗರಣೆಗೆ ಅದೂ ಒಂದು ಸಹಾಯವೇ. ಮುಟ್ಟು ನಿಂತು ವರ್ಷ ದಾಟಿದವರಿಗೆ ಸಾಮಾನ್ಯವಾಗಿ ಎರಡೂ ಹಾರ್ಮೋನನ್ನು ದಿನಾ ಕೊಡುತ್ತಾರೆ, ಆಗ ಮತ್ತೆ ತಿಂಗಳು ತಿಂಗಳು ಮುಟ್ಟಾಗುವ ಕಾಟವಿಲ್ಲ. ಇನ್ನೂ ಏರುಪೇರಾಗಿ ಮುಟ್ಟಾಗುತ್ತಿರುವವರಿಗೆ ತಿಂಗಳಲ್ಲಿ ಹನ್ನೆರಡು ಹದಿನಾಲ್ಕು ದಿನ ಮಾತ್ರ ಪ್ರೊಜೆಸ್ಟರಾನ್. ಅವರಿಗೆ ಆಮೇಲೆ ಸ್ರಾವ ಬರುತ್ತದೆ. ಗರ್ಭಕೋಶದೊಳಗೆ ಇಡುವ, ಕಾಪರ್‌-ಟಿಯಂಥ ಹಾರ್ಮೋನು ಸಾಧನವೂ ಒಳಪದರವನ್ನು ಕಾಯುತ್ತದೆ, ವಿಪರೀತ ರಕ್ತಸ್ರಾವ ಇದ್ದವರಿಗೆ ಅದು ಎರಡು ಕೆಲಸ ಮಾಡುತ್ತದೆ. ಟಿಬೋಲೋನ್ ಎಂಬ ಒಂದೇ ಮಾತ್ರೆಯ ದಾರಿಯೂ ಇದೆ, ಸ್ತನ ಕ್ಯಾನ್ಸರ್ ಆದವರಿಗೆ ಅದು ಸಲ್ಲದು.

ನೀವು ನಾಚಿಕೊಂಡು ಕೊನೆಗೆ ಬರೆದ ಉರಿ-ನೋವು ಇದೆಯಲ್ಲ, ಅದಕ್ಕೆ ಉಳಿದೆಲ್ಲಕ್ಕಿಂತ ಸುಲಭದ ಮದ್ದಿದೆ. ಈಸ್ಟ್ರೋಜನ್ ಇಳಿದಾಗ ಯೋನಿಯ ಚರ್ಮ ತೆಳ್ಳಗಾಗಿ ಒಣಗುತ್ತದೆ, ಮೂತ್ರದ ಉರಿ, ಪದೇಪದೇ ಸೋಂಕು ಕೂಡ ಅದರ ಜೊತೆಗೇ ಬರುತ್ತವೆ. ಝಳ ವರ್ಷಗಳ ಮೇಲೆ ತಾನಾಗಿ ಇಳಿದೀತು, ಈ ಒಣಗು ಇಳಿಯುವುದಿಲ್ಲ. ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಅಲ್ಲಲ್ಲೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಜೊತೆಗೆ ಪ್ರೊಜೆಸ್ಟರಾನ್ ಕೂಡ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಮೊದಲೆರಡು ವಾರ ದಿನಾ, ಆಮೇಲೆ ವಾರಕ್ಕೆರಡು ಸಲ ಎಂದು ಬರೆದುಕೊಡುತ್ತಾರೆ. ಮೈಗೆ ಹಾರ್ಮೋನು ಬೇಡವೆಂದು ನೀವು ತೀರ್ಮಾನಿಸಿದರೂ ಇದೊಂದನ್ನು ಕೇಳಿ ಪಡೆಯಿರಿ. ಮತ್ತೆ ಯಜಮಾನರಿಗೆ ಒಂದು ಮಾತು ಹೇಳಿ, ನನಗೆ ಮನಸ್ಸಿಲ್ಲವೆಂದಲ್ಲ, ಮೈ ನೋಯುತ್ತದೆ ಎಂದು. ಅರ್ಧ ಮನೆಗಳಲ್ಲಿ ಈ ಮಾತು ಆಡದೆಯೇ ಎರಡು ಹಾಸಿಗೆಗಳಾಗಿವೆ.

ನೆಗೆಣ್ಣಿಯ ಸಲಹೆಗೆ ಬಂದೆ. ಇದಕ್ಕೆ ನನಗೆ ಸಿಟ್ಟೇ ಬರುತ್ತದೆ, ನೆಗೆಣ್ಣಿಯ ಮೇಲಲ್ಲ, ಇಂಥ ಮಾತು ಇಷ್ಟು ಸಲೀಸಾಗಿ ಬಾಯಿಗೆ ಬರುವಂತೆ ಮಾಡಿದವರ ಮೇಲೆ. ಝಳಕ್ಕೂ ಗರ್ಭಕೋಶಕ್ಕೂ ಸಂಬಂಧವೇ ಇಲ್ಲ. ಝಳ ಅಂಡಾಶಯ ಕೆಲಸ ನಿಲ್ಲಿಸಿದ್ದರಿಂದ ಬಂದದ್ದು, ಗರ್ಭಕೋಶ ತೆಗೆದರೆ ಅದು ಹೋಗುವುದಿಲ್ಲ. ಮುಟ್ಟು ಇನ್ನೂ ನಿಲ್ಲದವರಲ್ಲಿ ಎರಡೂ ಅಂಡಾಶಯ ತೆಗೆದರಂತೂ ಮೆಲ್ಲಗೆ ಬರಬೇಕಾದ ಋತುಬಂಧ ಒಂದೇ ದಿನಕ್ಕೆ ಎರಗುತ್ತದೆ. ಅಂಡಾಶಯ ಬಿಟ್ಟು ಗರ್ಭಕೋಶ ಒಂದನ್ನೇ ತೆಗೆದರೂ ಕೆಲವು ವರ್ಷ ಮುಂಚೆಯೇ ಅಂಡಾಶಯ ಸೋಲುವುದುಂಟು. ನಿಮ್ಮ ಅಕ್ಕನನ್ನು ಕೊಟ್ಟ ಕಡೆಯ ರಾಣೆಬೆನ್ನೂರು ತಾಲ್ಲೂಕನ್ನೇ ನೋಡಿ. ಅಲ್ಲಿಯ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆ ಮಾಡಿದರೆಂದು ದೂರಿ, ಪರಿಹಾರ ಕೇಳಿ ಬೀದಿಗಿಳಿದದ್ದು ಪತ್ರಿಕೆಗಳಲ್ಲಿ ಬಂದ ಸಂಗತಿ. ಕಲಬುರಗಿ ಜಿಲ್ಲೆಯ ತಾಂಡಾಗಳಿಂದಲೂ ಇಂಥದೇ ದೂರು ಎದ್ದಿತ್ತು. ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಸರ್ಕಾರ 2022ರಲ್ಲಿ ಮಾರ್ಗಸೂಚಿ ತಂದಿತು; ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಅದನ್ನು ಅಳವಡಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿತು. ಬಿಳಿ ಸೆರಗಿಗೆ, ಸೊಂಟ ನೋವಿಗೆ, "ಮುಂದೆ ಕ್ಯಾನ್ಸರ್ ಆದೀತು" ಎಂಬ ಬೆದರಿಕೆಗೆ ಗರ್ಭಕೋಶ ಕೊಟ್ಟು ಬಂದವರು ನಮ್ಮ ಸುತ್ತಲೇ ಇದ್ದಾರೆ. ಯಾರೇ ಹಾಗೆ ಹೇಳಿದರೂ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳದೆ ಸಹಿ ಹಾಕಬಾರದು.

ಹಾರ್ಮೋನು ತಗೊಳ್ಳಲೇಬೇಕೇ? ಬೇಕಿಲ್ಲ. ಝಳ ಸಹಿಸುವಷ್ಟಿದ್ದರೆ ಬಿಟ್ಟುಬಿಡಬಹುದು, ಆದರೆ ಅದು ಸರಾಸರಿ ಏಳು ವರ್ಷ ಕಾಡುತ್ತದೆ ಎಂಬುದು ಗೊತ್ತಿರಲಿ. ಹಾರ್ಮೋನು ಆಗದವರಿಗೆ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳನ್ನೇ ಸಣ್ಣ ಪ್ರಮಾಣದಲ್ಲಿ, ಇಲ್ಲವೇ ಗ್ಯಾಬಾಪೆಂಟಿನ್ ಎಂಬ ಮಾತ್ರೆಯನ್ನು ಕೊಡುತ್ತಾರೆ, ಹಾರ್ಮೋನಿನಷ್ಟಲ್ಲದಿದ್ದರೂ ಕೆಲಸ ಮಾಡುತ್ತವೆ. ಶತಾವರಿ, ಸೋಯಾ ಪುಡಿ ಅಂತ ಮಾರುವವರ ಮಾತಿಗೆ ಗಟ್ಟಿ ಆಧಾರ ಸಾಲದು. ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ, ಎಲೆಅಡಿಕೆ ಜೊತೆಯ ಹೊಗೆಸೊಪ್ಪನ್ನೂ ಕೂಡ. ಸಂಜೆಯ ಖಾರದ ಮಿರ್ಚಿ, ಸುಡು ಸುಡು ಚಹಾ ಝಳ ಎಬ್ಬಿಸುತ್ತವೆ. ದಾವಣಗೆರೆ ಸೀಮೆಯವರಿಗೆ ಮಂಡಕ್ಕಿ ಮಿರ್ಚಿ ಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ, ಕಡಿಮೆ ಮಾಡಿ ನೋಡಿ. ಮೂಳೆಗೆ ರಾಗಿ, ಎಳ್ಳು, ಹಾಲು ಮಜ್ಜಿಗೆ ಇರಲಿ. ಬಿಸಿಲು, ದುಡಿಮೆ ನಿಮಗೆ ಕಡಿಮೆಯಿಲ್ಲ.

ಸಿಟ್ಟು, ಅಳುವಿನ ಬಗ್ಗೆ. ತಿಂಗಳುಗಟ್ಟಲೆ ನಿದ್ದೆ ಇಲ್ಲದವರಿಗೆ ಸಿಟ್ಟು ಬರದಿದ್ದರೆ ಆಶ್ಚರ್ಯ. ಝಳ ತಗ್ಗಿ ನಿದ್ದೆ ಬಂದರೆ ಅರ್ಧ ತಾನೇ ಇಳಿಯುತ್ತದೆ. ಸೊಸೆಯನ್ನು ಒಮ್ಮೆ ಕೂರಿಸಿಕೊಂಡು "ನನಗೆ ಹಿಂಗಾಗ್ತೈತಿ, ನಿನ್ನ ಮೇಲಲ್ಲ" ಎಂದು ಹೇಳಿ. ಅವಳು ಊಹಿಸಿಕೊಂಡಿರುವುದು ಇದಕ್ಕಿಂತ ಕೆಟ್ಟದ್ದಿರುತ್ತದೆ. ಆದರೆ ಎರಡು ವಾರ ದಾಟಿಯೂ ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಎನಿಸಿದರೆ ಅದನ್ನು ಹಾರ್ಮೋನಿನ ಲೆಕ್ಕಕ್ಕೆ ಬಿಡಬೇಡಿ. 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡುತ್ತಾರೆ.

ಹಾರ್ಮೋನು ಶುರು ಮಾಡಿದ ಮೇಲೆ ಒಂದು ಕಾಲು ಮಾತ್ರ ಊದಿ ನೋಯುವುದು, ಎದೆ ನೋವು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಮಾತು ತೊದಲುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಸ್ತನದಲ್ಲಿ ಗಂಟು ಸಿಕ್ಕರೂ ತಡ ಮಾಡಬೇಡಿ.

ಡಾಕ್ಟರ ಹತ್ತಿರ ಹೋಗುವ ದಿನ ಮಗನನ್ನು ಕರೆದೊಯ್ಯಿರಿ, ಅವನ ಪ್ರಶ್ನೆಗೆ ಅಲ್ಲೇ ಉತ್ತರ ಸಿಗಲಿ. ಸಾಧ್ಯವಾದರೆ ಅಕ್ಕನನ್ನೂ ಹಳೆಯ ಡಿಸ್ಚಾರ್ಜ್ ಕಾರ್ಡ್ ಸಮೇತ ಬರಹೇಳಿ. ಮೂವತ್ತೈದಕ್ಕೆ ಅವರ ಅಂಡಾಶಯಗಳನ್ನೂ ತೆಗೆದಿದ್ದರೆ ಅಂದಿನಿಂದಲೇ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೂ, ಅವರಿಗೆ ಹಾರ್ಮೋನು ಸಿಗಬೇಕಿತ್ತು. ಅಷ್ಟು ವರ್ಷ ಈಸ್ಟ್ರೋಜನ್ ಇಲ್ಲದೆ ಕಳೆದವರ ಮೂಳೆ ಸವೆದಿರುವ ಸಂಭವ ಹೆಚ್ಚು. ಅಕ್ಕನಿಗೆ ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಬೇಕೇ ಎಂದು ನೀವೇ ನೆನಪು ಮಾಡಿ ಕೇಳಿ.